ಗಲಾಥಿಯಾ ತೀರದ ಚಳಿಗಾಲ

(ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಚಳಿಗಾಲವೆಂದರೆ ಇಬ್ಬನಿ, ಅಡಿಕೆ ಕೊಯ್ಲು, ಹೊಂಬಣ್ಣಕ್ಕೆ ತಿರುಗುವ ಗುಡ್ಡದ ಹುಲ್ಲು. ಇದೇ ದೇಶದ ಭೂಪಟದ ತೀರ ಕೆಳತುದಿಯಲ್ಲಿ ಚಳಿಯೇ ಇಲ್ಲದ ಒಂದು ಚಳಿಗಾಲವಿದೆ. ಅದು ಗ್ರೇಟ್ ನಿಕೋಬಾರ್ ದ್ವೀಪದ ಚಳಿಗಾಲ. ಅಲ್ಲಿ ಕಂಬಳಿ ಹೊದೆಯುವ ಪ್ರಮೇಯವಿಲ್ಲ. ಭೂಮಧ್ಯರೇಖೆಯಿಂದ ಏಳು ಡಿಗ್ರಿಗಳಷ್ಟೇ ಉತ್ತರಕ್ಕಿರುವ ಆ ನೆಲದಲ್ಲಿ ವರ್ಷವಿಡೀ ಸೆಕೆ, ವರ್ಷದ ಬಹುಭಾಗ ಮಳೆ. ಆದರೂ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಗೆ ಅಲ್ಲಿ ವಿಶೇಷವಾದ ಅರ್ಥವಿದೆ. ಆ ತಿಂಗಳುಗಳಲ್ಲಿ ಸಾಗರದಾಚೆಯಿಂದ ಅತಿಥಿಗಳು ಬರುತ್ತಾರೆ. ಅವರ ಪೈಕಿ ಅತ್ಯಂತ ಹಿರಿಯ ಅತಿಥಿಯೊಬ್ಬಳು ಮರಳಿನ ಮೇಲೆ ರಾತ್ರಿಯ ಹೊತ್ತು ಬಂದು, ಬೆಳಗಾಗುವುದರೊಳಗೆ ಹೊರಟುಹೋಗುತ್ತಾಳೆ.

ದ್ವೀಪದ ಪರಿಚಯದಿಂದ ಆರಂಭಿಸುವುದು ಸೂಕ್ತ. ನಿಕೋಬಾರ್ ಸಮೂಹದಲ್ಲಿ ಅತಿ ದೊಡ್ಡದು ಈ ದ್ವೀಪ. ಇದರ ವಿಸ್ತೀರ್ಣ ಒಂಬೈನೂರು ಚದರ ಕಿಲೋಮೀಟರಿಗಿಂತ ಹೆಚ್ಚು. ಇದರ ದಕ್ಷಿಣ ತುದಿಯೇ ಇಂದಿರಾ ಪಾಯಿಂಟ್, ಅಂದರೆ ಭಾರತದ ನೆಲದ ಕೊನೆ. ಅಲ್ಲಿಂದ ಸುಮಾತ್ರಾ ದ್ವೀಪ, ಪೋರ್ಟ್ ಬ್ಲೇರ್‌ಗಿಂತ ಹತ್ತಿರ. ದ್ವೀಪದ ಅತಿ ಎತ್ತರದ ಶಿಖರ ಮೌಂಟ್ ತುಲಿಯರ್, 642 ಮೀಟರ್. ಘಟ್ಟದ ಜನರಿಗೆ ಈ ಎತ್ತರ ಅಚ್ಚರಿಯದಲ್ಲ. ಆದರೆ ಕಡಲಿನ ಅಂಚಿನಿಂದ ಆ ಶಿಖರದವರೆಗೆ ಎಡೆಬಿಡದೆ ಹಬ್ಬಿರುವ ನಿತ್ಯಹರಿದ್ವರ್ಣದ ಕಾಡು ಅಚ್ಚರಿಯ ವಿಷಯವೇ ಸರಿ. 1989ರಲ್ಲಿ ಈ ಪ್ರದೇಶವನ್ನು ಜೀವಗೋಲ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2013ರಲ್ಲಿ ಯುನೆಸ್ಕೋ ತನ್ನ ಜಾಗತಿಕ ಜೀವಗೋಲ ಜಾಲದಲ್ಲಿ ಇದಕ್ಕೆ ಸ್ಥಾನ ನೀಡಿತು. ಪಶ್ಚಿಮಘಟ್ಟವು ಜಗತ್ತಿನ ಜೀವವೈವಿಧ್ಯದ ಅತಿಸೂಕ್ಷ್ಮ ತಾಣಗಳಲ್ಲಿ ಒಂದಾಗಿರುವಂತೆ, ನಿಕೋಬಾರ್ ದ್ವೀಪಗಳು ಸುಂಡಾಲ್ಯಾಂಡ್ ಎಂಬ ಮತ್ತೊಂದು ಅಂತಹ ತಾಣಕ್ಕೆ ಸೇರಿವೆ.

ದ್ವೀಪದ ಏಕೈಕ ಪಟ್ಟಣ ಕ್ಯಾಂಪ್‌ಬೆಲ್ ಬೇ. 2024ರಲ್ಲಿ ಶ್ರೀವಿಜಯಪುರಂ ಎಂಬ ಹೊಸ ಹೆಸರು ಪಡೆದ ಪೋರ್ಟ್ ಬ್ಲೇರ್‌ನಿಂದ ಇಲ್ಲಿಗೆ ಹಡಗಿನಲ್ಲೋ ಹೆಲಿಕಾಪ್ಟರಿನಲ್ಲೋ ಬರಬೇಕು. 1969ರಿಂದ ಮುಂದಕ್ಕೆ ಮುನ್ನೂರಕ್ಕೂ ಹೆಚ್ಚು ಮಾಜಿ ಸೈನಿಕರ ಕುಟುಂಬಗಳನ್ನು ಸರಕಾರ ಇಲ್ಲಿಯ ಪೂರ್ವತೀರದಲ್ಲಿ ನೆಲೆಗೊಳಿಸಿತು. ಜೋಗಿಂದರ್ ನಗರ, ವಿಜಯನಗರ, ಗಾಂಧಿನಗರ, ಶಾಸ್ತ್ರಿನಗರ ಮುಂತಾದ ಊರುಗಳು ಹುಟ್ಟಿದ್ದು ಹಾಗೆ. ಅದಕ್ಕೂ ಎಷ್ಟೋ ಕಾಲದ ಮೊದಲಿನಿಂದ ದ್ವೀಪದಲ್ಲಿ ಇರುವವರು ಕರಾವಳಿಯ ನಿಕೋಬಾರಿಗಳು ಹಾಗೂ ಒಳಗಾಡಿನ ಶೋಂಪೆನ್ನರು. 2011ರ ಜನಗಣತಿಯಲ್ಲಿ ಶೋಂಪೆನ್ನರ ಸಂಖ್ಯೆ 229. ಬೇಟೆ, ಕಂದಮೂಲ ಹಾಗೂ ಕೇದಗೆಯ ಕುಲಕ್ಕೆ ಸೇರಿದ ಒಂದು ಮರದ ಹಣ್ಣಿನ ತಿರುಳು ಅವರ ಬದುಕಿನ ಆಧಾರ. 1956ರ ಆದಿವಾಸಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವರ ಮೀಸಲು ಪ್ರದೇಶಕ್ಕೆ ಹೊರಗಿನವರು ಅನುಮತಿಯಿಲ್ಲದೆ ಹೋಗುವಂತಿಲ್ಲ. ಆದಕಾರಣ ಈ ದ್ವೀಪದ ಕಾಲುದಾರಿಗಳ ಬಗ್ಗೆ ಮಾತನಾಡುವಾಗ, ಎಲ್ಲ ದಾರಿಗಳೂ ಎಲ್ಲರಿಗಾಗಿ ತೆರೆದಿಲ್ಲವೆಂಬುದನ್ನು ಮೊದಲೇ ನೆನಪಿಡಬೇಕು.

ಕ್ಯಾಂಪ್‌ಬೆಲ್ ಬೇಯಿಂದ ದಕ್ಷಿಣಕ್ಕೆ ಒಂದು ರಸ್ತೆ ಕಡಲಿನ ಪಕ್ಕದಲ್ಲೇ ಸಾಗುತ್ತದೆ. ಒಂದು ಕಡೆ ತೆಂಗು, ಮತ್ತೊಂದು ಕಡೆ ಕಾಡು. ದಡದ ಮುಂಚೂಣಿಯಲ್ಲಿ ಕೇದಗೆ ಹಾಗೂ ಹೊನ್ನೆಯ ಸಾಲು. ಕೆನರಾ ಕರಾವಳಿಯನ್ನು ಬಲ್ಲವರಿಗೆ ಈ ಗಿಡಗಳು ಪರಿಚಿತವೇ. ತುಸು ಒಳಕ್ಕೆ ಹೋದರೆ ದೃಶ್ಯ ಬದಲಾಗುತ್ತದೆ. ಮರದಷ್ಟು ಎತ್ತರಕ್ಕೆ ಬೆಳೆಯುವ ಜರಿಗಿಡ, ಕೊಂಬೆಗಳಿಗೆ ಅಂಟಿಕೊಂಡ ಸೀತೆದಂಡೆಯ ಜಾತಿಯ ಹೂಗಳು, ಉದ್ದ ಬಾಲದ ನಿಕೋಬಾರ್ ಮಂಗ, ಅಳಿಲಿನಂತೆ ಕಂಡರೂ ಅಳಿಲಲ್ಲದ ಟ್ರೀ ಶ್ರೂ, ಹಸಿರು ಹಾಗೂ ತಾಮ್ರದ ಬಣ್ಣ ಬೆರೆತ ಗರಿಗಳ ನಿಕೋಬಾರ್ ಪಾರಿವಾಳ. ಹೊಳೆಗಳ ಅಳಿವೆಯಲ್ಲಿ ಕಾಂಡ್ಲಾ ಕಾಡು, ಆ ಕೆಸರಿನಲ್ಲಿ ಉಪ್ಪುನೀರಿನ ಮೊಸಳೆ. ರಾತ್ರಿಯ ವೇಳೆ ತೆಂಗಿನ ಏಡಿ ಹೊರಬರುತ್ತದೆ. ನೆಲದ ಮೇಲೆ ಬದುಕುವ ಏಡಿಗಳಲ್ಲೆಲ್ಲ ಜಗತ್ತಿನಲ್ಲಿಯೇ ದೊಡ್ಡದು ಅದು.

ಇಳಿತದ ಸಮಯದಲ್ಲಿ ಮರಳದಂಡೆಯ ಮೇಲೆ ನಡೆದರೆ ಚಳಿಗಾಲದ ಮೊದಲ ಅತಿಥಿಗಳು ಕಾಣಸಿಗುತ್ತವೆ. ಸೈಬೀರಿಯಾದ ಹಿಮಬಯಲುಗಳಲ್ಲಿ ಮರಿಮಾಡಿ, ಅಲ್ಲಿ ನೆಲ ಹೆಪ್ಪುಗಟ್ಟುವ ಮುನ್ನ ದಕ್ಷಿಣಕ್ಕೆ ಹಾರಿಬಂದ ಗೊರವಗಳು ಅವು. ಪೂರ್ವ ಏಷ್ಯಾದಿಂದ ಆಸ್ಟ್ರೇಲಿಯಾದವರೆಗೆ ಹಕ್ಕಿಗಳು ಸಾಗುವ ಮಹಾಮಾರ್ಗದಲ್ಲಿ ಈ ದ್ವೀಪವೂ ಒಂದು ತಂಗುದಾಣ. ನೀರು ಹಿಂದೆ ಸರಿದ ಕಲ್ಲುಗುಂಡಿಗಳಲ್ಲಿ ಅವು ಕೊಕ್ಕನ್ನು ಇಳಿಬಿಟ್ಟು ಹುಳುಗಳನ್ನು ಹೆಕ್ಕುತ್ತವೆ.

ಕಾಡಿಗೂ ಕಡಲಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಮತ್ತೊಂದು ವಿಸ್ಮಯವಿದೆ. ಒಣಗಿದ ಎಲೆ, ಮರಳು, ಹವಳದ ಚೂರು, ಕಡ್ಡಿಗಳನ್ನು ಗುಡ್ಡೆ ಹಾಕಿದಂತಹ ದಿಬ್ಬಗಳು ಅಲ್ಲಲ್ಲಿ ಕಾಣುತ್ತವೆ. ನೋಡಿದವರು ತೋಟದ ಗೊಬ್ಬರದ ಗುಡ್ಡೆಯೆಂದು ಭಾವಿಸಬಹುದು. ಅದು ನಿಕೋಬಾರ್ ಮೆಗಾಪೋಡ್ ಎಂಬ ಹಕ್ಕಿಯ ಗೂಡು. ಕೋಳಿಯ ಗಾತ್ರದ, ಬಲವಾದ ದೊಡ್ಡ ಪಾದಗಳ ಈ ಕಂದು ಹಕ್ಕಿ ನಿಕೋಬಾರ್ ದ್ವೀಪಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಇದು ಮೊಟ್ಟೆಗಳ ಮೇಲೆ ಕೂತು ಕಾವು ಕೊಡುವುದಿಲ್ಲ. ಮೊಟ್ಟೆಯನ್ನು ದಿಬ್ಬದೊಳಗೆ ಹುಗಿಯುತ್ತದೆ. ಎಲೆಗಳು ಕೊಳೆಯುವಾಗ ಹುಟ್ಟುವ ಶಾಖವೇ ಕಾವು. ಗೊಬ್ಬರದ ಗುಂಡಿಯೊಳಗೆ ಕೈಯಿಟ್ಟು ಬಿಸಿಯನ್ನು ಅನುಭವಿಸಿದ ಪ್ರತಿಯೊಬ್ಬ ರೈತನಿಗೂ ಈ ತತ್ವ ಗೊತ್ತು. ಎರಡು ತಿಂಗಳಿಗೂ ಮೀರಿದ ಅವಧಿಯ ಬಳಿಕ ಮರಿ ತಾನೇ ದಿಬ್ಬವನ್ನು ಅಗೆದುಕೊಂಡು ಮೇಲೆ ಬರುತ್ತದೆ. ಆ ಹೊತ್ತಿಗೆ ಅದಕ್ಕೆ ಗರಿ ಬಂದಿರುತ್ತದೆ. ತಾಯಿ ತಂದೆಯರ ಆರೈಕೆಯಿಲ್ಲದೆ ಅದೇ ದಿನದಿಂದ ಸ್ವತಂತ್ರವಾಗಿ ಬದುಕುತ್ತದೆ. ಒಂದೇ ದಿಬ್ಬವನ್ನು ಹಕ್ಕಿಗಳು ವರ್ಷಾನುಗಟ್ಟಲೆ ಮತ್ತೆಮತ್ತೆ ಬಳಸುತ್ತವೆ. ಈ ಗೂಡಿಗೆ ಎರಡು ವಸ್ತುಗಳು ಬೇಕು: ಕಾಡು ಉದುರಿಸುವ ಎಲೆ ಹಾಗೂ ಕಡಲು ತಂದೊಡ್ಡುವ ಮರಳು. ಎರಡೂ ಕೂಡುವ ಗಡಿಯಲ್ಲಿ ಮಾತ್ರ ಈ ಹಕ್ಕಿಯ ಸಂಸಾರ ಸಾಧ್ಯ.

ದಕ್ಷಿಣಕ್ಕೆ ಸಾಗಿದಂತೆ ಗಲಾಥಿಯಾ ನದಿಯ ಅಳಿವೆ ಬರುತ್ತದೆ. 1846ರಲ್ಲಿ ನಿಕೋಬಾರ್ ದ್ವೀಪಗಳಿಗೆ ಬಂದಿದ್ದ ಡೆನ್ಮಾರ್ಕಿನ ಹಡಗಿನ ಹೆಸರು ಇದು. ಅಳಿವೆಯ ಮುಂದೆ ಚಾಚಿಕೊಂಡ ಮರಳಿನ ತೀರವೇ ಗಲಾಥಿಯಾ ಕೊಲ್ಲಿ. ಉಪನ್ಯಾಸದ ಆರಂಭದಲ್ಲಿ ಹೇಳಿದ ಹಿರಿಯ ಅತಿಥಿ ಬರುವುದು ಇಲ್ಲಿಗೆ. ಅವಳೇ ಲೆದರ್‌ಬ್ಯಾಕ್ ಕಡಲಾಮೆ.

ಇಂದು ಬದುಕಿರುವ ಆಮೆಗಳಲ್ಲೆಲ್ಲ ಇದೇ ದೊಡ್ಡದು. ಬೆಳೆದ ಹೆಣ್ಣಿನ ತೂಕ ಸಾಮಾನ್ಯವಾಗಿ 300ರಿಂದ 500 ಕಿಲೋಗ್ರಾಂ. ಇತರ ಕಡಲಾಮೆಗಳಂತೆ ಇದರ ಬೆನ್ನ ಮೇಲೆ ಗಟ್ಟಿಯಾದ ಹಲಗೆಗಳಿಲ್ಲ. ಏಳು ಉದ್ದನೆಯ ಏಣುಗಳುಳ್ಳ, ತೊಗಲಿನಂತಹ ಕಪ್ಪು ಹೊದಿಕೆಯಿದೆ. ಸಾವಿರ ಮೀಟರಿಗೂ ಆಳಕ್ಕೆ ಇದು ಮುಳುಗಬಲ್ಲದು. ಮುಖ್ಯ ಆಹಾರ ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್. ತೇಲುವ ಪ್ಲಾಸ್ಟಿಕ್ ಚೀಲವನ್ನು ಅದೆಂದೇ ಭ್ರಮಿಸಿ ನುಂಗುವ ಆಮೆಗಳಿಗೆ ಸಾವು ಕಾದಿರುತ್ತದೆ.

ಹೆಣ್ಣಾಮೆ ಬರುವ ವಿಧಾನವನ್ನು ತಿಳಿದರೆ ಆ ತೀರದ ಮಹತ್ವ ಅರ್ಥವಾಗುತ್ತದೆ. ನೀರಿನಿಂದ ದಡಕ್ಕೆ ಅಡೆತಡೆಯಿಲ್ಲದ, ತುಸು ಕಡಿದಾದ, ಅಗಲವಾದ ಮರಳದಂಡೆ ಬೇಕು. ಕಲ್ಲುಬಂಡೆಗಳ ಮೇಲೆ ತೆವಳಿದರೆ ಅದರ ಮೃದುವಾದ ಹೊಟ್ಟೆಗೆ ಗಾಯವಾಗುತ್ತದೆ. ಕತ್ತಲೆಯೂ ಬೇಕು. ಅಲೆಯ ಅಂಚಿನಲ್ಲಿ ತಡೆದು, ಬೆಳಕು ಅಥವಾ ಚಲನೆ ಕಂಡರೆ ಹಿಂದಿರುಗುವುದೂ ಉಂಟು. ಯಾವ ಅಡ್ಡಿಯೂ ಇಲ್ಲದಿದ್ದರೆ ಅದು ಏದುಸಿರು ಬಿಡುತ್ತ ಮೇಲೇರುತ್ತದೆ. ಮುಂಗಾಲುಗಳಿಂದ ಮರಳನ್ನು ಬಾಚಿ ತನ್ನ ದೇಹಕ್ಕೆ ಸರಿಯಾದ ಹಳ್ಳ ಮಾಡಿಕೊಳ್ಳುತ್ತದೆ. ಬಳಿಕ ಹಿಂಗಾಲುಗಳನ್ನು ಸೌಟಿನಂತೆ ಬಳಸಿ, ಒಂದಾದ ಮೇಲೊಂದರಂತೆ ಮರಳೆತ್ತಿ, ಕೊಡದ ಆಕಾರದ ಕುಳಿಯನ್ನು ತೋಡುತ್ತದೆ. ತಾನು ತೋಡುವ ಕುಳಿಯನ್ನು ಅದು ಒಮ್ಮೆಯೂ ನೋಡುವುದಿಲ್ಲ. ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಗುರುತು ಸಿಗದಂತೆ ಸುತ್ತಲೂ ಮರಳನ್ನು ಚೆಲ್ಲಾಡಿ ಕಡಲಿಗೆ ಮರಳುತ್ತದೆ. ಕಣ್ಣುಗಳಿಂದ ಸುರಿಯುವ ನೀರನ್ನು ನೋಡಿ ಹೆರಿಗೆಯ ನೋವಿನ ಕಣ್ಣೀರೆಂದು ಭಾವಿಸುವವರುಂಟು. ದೇಹದಲ್ಲಿ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕುವ ಕ್ರಮ ಅದು. ಸುಮಾರು ಹತ್ತು ದಿನಗಳಿಗೊಮ್ಮೆಯಂತೆ ಒಂದೇ ಋತುವಿನಲ್ಲಿ ಅನೇಕ ಬಾರಿ ಮೊಟ್ಟೆಯಿಟ್ಟು, ಅನಂತರ ಎರಡು ಮೂರು ವರ್ಷಗಳವರೆಗೆ ಅದು ದಡದತ್ತ ಸುಳಿಯದಿರಬಹುದು.

ಎರಡು ತಿಂಗಳ ಬಳಿಕ ಮರಿಗಳು ಹೊರಬರುತ್ತವೆ. ಅವು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಮರಳಿನ ಉಷ್ಣತೆ. ಬಿಸಿ ಹೆಚ್ಚಾದರೆ ಹೆಣ್ಣು ಮರಿಗಳು ಹೆಚ್ಚು. ರಾತ್ರಿ ಮೇಲೆದ್ದ ಮರಿ, ಕಾಡಿನ ಕಪ್ಪು ನೆರಳಿಗೆ ಬೆನ್ನುಹಾಕಿ, ತುಸು ಬೆಳಕಾಗಿ ತೋರುವ ಕಡಲ ದಿಗಂತದತ್ತ ಓಡುತ್ತದೆ. ಕತ್ತಲೆಯ ಕಾಡು, ಬೆಳಕಿನ ಕಡಲು, ಇವೆರಡೇ ಅದರ ದಿಕ್ಸೂಚಿ. ದಡದ ಹಿಂದೆ ಒಂದು ವಿದ್ಯುದ್ದೀಪ ಉರಿದರೆ ಸಾಕು, ಆ ದಿಕ್ಸೂಚಿ ತಲೆಕೆಳಗಾಗುತ್ತದೆ.

ಈ ಆಮೆಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಕರ್ನಾಟಕದ ಸಂಸ್ಥೆಗಳೂ ಸೇರಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ದಕ್ಷಿಣ್ ಪ್ರತಿಷ್ಠಾನದ ಸಂಶೋಧಕರು, ಗಲಾಥಿಯಾಕ್ಕಿಂತ ಬಹಳ ಉತ್ತರಕ್ಕಿರುವ ಲಿಟಲ್ ಅಂಡಮಾನ್ ದ್ವೀಪದ ಪಶ್ಚಿಮ ತೀರದಲ್ಲಿ 2011ರಿಂದ 2014ರ ನಡುವೆ ಹತ್ತು ಲೆದರ್‌ಬ್ಯಾಕ್ ಆಮೆಗಳಿಗೆ ಉಪಗ್ರಹ ಸಂಕೇತದ ಸಾಧನಗಳನ್ನು ಅಳವಡಿಸಿದರು. ಮೊಟ್ಟೆಯಿಟ್ಟ ಬಳಿಕ ಕೆಲವು ಆಮೆಗಳು ಆಗ್ನೇಯಕ್ಕೆ ಹೊರಟು ಆಸ್ಟ್ರೇಲಿಯಾದ ಪಶ್ಚಿಮ ಕಡಲಿನತ್ತ ಸಾಗಿದವು. ಮತ್ತೆ ಕೆಲವು ನೈಋತ್ಯಕ್ಕೆ ತಿರುಗಿ ಮಡಗಾಸ್ಕರ್ ದಾಟಿ ಆಫ್ರಿಕಾದ ಮೊಜಾಂಬಿಕ್ ಕಡೆಗೆ ಹೋದವು. ಒಂದು ಆಮೆಯಂತೂ 266 ದಿನಗಳಲ್ಲಿ 13,000 ಕಿಲೋಮೀಟರಿಗೂ ಹೆಚ್ಚು ದೂರ ಈಜಿತು. ಇಡೀ ಹಿಂದೂ ಮಹಾಸಾಗರವನ್ನು ಮೇವಿನ ಬಯಲಾಗಿ ಮಾಡಿಕೊಂಡ ಜೀವಿಯೊಂದು ಮೊಟ್ಟೆಯಿಡಲು ಕೆಲವೇ ತೀರಗಳನ್ನು ಆರಿಸಿಕೊಂಡಿದೆ. ಉತ್ತರ ಹಿಂದೂ ಮಹಾಸಾಗರದಲ್ಲಿ ಅಂತಹ ಪ್ರಮುಖ ತೀರಗಳಲ್ಲಿ ಗಲಾಥಿಯಾ ಒಂದು.

ಈ ತೀರ ಒಮ್ಮೆ ಅಳಿದುಹೋಗಿತ್ತೆಂಬುದು ಕತೆಯ ಅತ್ಯಂತ ಮುಖ್ಯ ಭಾಗ. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿಯ ಭೂಕಂಪ ಹಾಗೂ ಸುನಾಮಿಗೆ ಗ್ರೇಟ್ ನಿಕೋಬಾರ್ ನೇರವಾಗಿ ಸಿಕ್ಕಿತು. ಇಂದಿರಾ ಪಾಯಿಂಟ್‌ನಲ್ಲಿ ನೆಲವೇ ಸುಮಾರು 4.25 ಮೀಟರ್ ಕುಸಿಯಿತು. ನೆಲದ ಮೇಲಿದ್ದ ದೀಪಸ್ತಂಭ ನೀರಿನಲ್ಲಿ ನಿಂತಿತು. ಕರಾವಳಿಯ ನಿಕೋಬಾರಿ ಹಳ್ಳಿಗಳು ಕೊಚ್ಚಿಹೋದವು. ಬದುಕುಳಿದವರನ್ನು ಕ್ಯಾಂಪ್‌ಬೆಲ್ ಬೇ ಬಳಿಯ ವಸತಿಗಳಿಗೆ ತರಲಾಯಿತು. ತೀರದಂಚಿನಲ್ಲೇ ದಿಬ್ಬ ಕಟ್ಟುವ ಮೆಗಾಪೋಡ್ ಹಕ್ಕಿಗಳ ಸಂಖ್ಯೆ ಸುಮಾರು ಶೇಕಡಾ 70ರಷ್ಟು ಕುಸಿಯಿತೆಂದು ಆ ಬಳಿಕದ ಸಮೀಕ್ಷೆ ಕಂಡುಕೊಂಡಿತು. ಸುನಾಮಿಗೆ ಮುನ್ನ ಒಂದೇ ಋತುವಿನಲ್ಲಿ ನೂರಾರು ಆಮೆಗೂಡುಗಳಿದ್ದ ಗಲಾಥಿಯಾದ ಮರಳು ಮಾಯವಾಯಿತು.

ಅನಂತರದ ವರ್ಷಗಳಲ್ಲಿ ಅಲೆ ಹಾಗೂ ಹೊಳೆ ಕೂಡಿ ನಿಧಾನವಾಗಿ ಹೊಸ ಮರಳನ್ನು ತಂದು ಹಾಕಿದವು. ಹೊಸ ದಂಡೆ ರೂಪುಗೊಂಡಿತು. ಆಮೆಗಳು ಮರಳಿ ಬಂದವು. ಮೆಗಾಪೋಡ್ ಹಕ್ಕಿಗಳು ಹೊಸ ದಡದಂಚಿನಲ್ಲಿ ಹೊಸ ದಿಬ್ಬ ಕಟ್ಟಿದವು. ಇದಕ್ಕೆ ಯಾವ ಯೋಜನೆಯೂ ಇರಲಿಲ್ಲ, ಅನುದಾನವೂ ಇರಲಿಲ್ಲ. ಹಿಂದಿನ ಕಾಡು, ಮುಂದಿನ ಕಡಲು, ನಡುವೆ ಹರಿಯುವ ಹೊಳೆ, ಈ ಮೂರೂ ತಮ್ಮ ತಮ್ಮ ಸ್ಥಾನದಲ್ಲಿ ಉಳಿದಿದ್ದವು. ಅದರಿಂದಾಗಿ ತೀರ ಮತ್ತೆ ಹುಟ್ಟಲು ಸಾಧ್ಯವಾಯಿತು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಇತ್ತೀಚಿನ ಬೆಳವಣಿಗೆಗಳನ್ನು ನೋಡಬೇಕು. 1997ರಲ್ಲಿ ಗಲಾಥಿಯಾ ಕೊಲ್ಲಿಯನ್ನು ವನ್ಯಜೀವಿಧಾಮವೆಂದು ಘೋಷಿಸಲಾಗಿತ್ತು. 2021ರ ಜನವರಿಯಲ್ಲಿ ಆ ಘೋಷಣೆಯನ್ನು ರದ್ದುಗೊಳಿಸಲಾಯಿತು. ಅದೇ ವರ್ಷದ ಆರಂಭದಲ್ಲಿ ಕೇಂದ್ರ ಸರಕಾರವೇ ಪ್ರಕಟಿಸಿದ ಕಡಲಾಮೆಗಳ ರಾಷ್ಟ್ರೀಯ ಕ್ರಿಯಾಯೋಜನೆಯಲ್ಲಿ ಇದೇ ಕೊಲ್ಲಿ ಮಹತ್ವದ ತಾಣವೆಂದು ದಾಖಲಾಗಿತ್ತು. 2022ರ ಅಕ್ಟೋಬರ್‌ನಲ್ಲಿ 130.75 ಚದರ ಕಿಲೋಮೀಟರ್ ಅರಣ್ಯವನ್ನು ಬೇರೆ ಬಳಕೆಗೆ ಬಿಟ್ಟುಕೊಡಲು ಮೊದಲ ಹಂತದ ಒಪ್ಪಿಗೆ ದೊರೆಯಿತು. ನವೆಂಬರ್‌ನಲ್ಲಿ ಪರಿಸರ ಅನುಮತಿಯೂ ಸಿಕ್ಕಿತು. ಗಲಾಥಿಯಾ ಕೊಲ್ಲಿಯಲ್ಲಿ ಸರಕು ವರ್ಗಾವಣೆಯ ಬೃಹತ್ ಬಂದರು, ಜೊತೆಗೆ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಹಾಗೂ ಹೊಸ ನಗರ, ಇವಿಷ್ಟು ಆ ಯೋಜನೆಯ ಅಂಗಗಳು. ಕಡಿಯಬೇಕಾದ ಮರಗಳ ಅಂದಾಜು 9.64 ಲಕ್ಷವೆಂದು ಸರಕಾರ 2023ರಲ್ಲಿ ಸಂಸತ್ತಿಗೆ ತಿಳಿಸಿತು.

ಯೋಜನೆಯ ಪರವಾದ ವಾದಗಳನ್ನೂ ನ್ಯಾಯವಾಗಿ ಹೇಳಬೇಕು. ಜಗತ್ತಿನ ಅತ್ಯಂತ ಜನನಿಬಿಡ ಹಡಗು ಮಾರ್ಗಗಳಲ್ಲೊಂದಾದ ಮಲಕ್ಕಾ ಜಲಸಂಧಿಯ ಬಾಯಿಯಲ್ಲೇ ಈ ದ್ವೀಪವಿದೆ. ಭಾರತದ ಸರಕಿನ ದೊಡ್ಡ ಪಾಲು ಕೊಲಂಬೊ, ಸಿಂಗಪುರಗಳಂತಹ ಹೊರದೇಶದ ಬಂದರುಗಳಲ್ಲಿ ಹಡಗು ಬದಲಿಸುತ್ತ ಬಂದಿದೆ. ದೇಶದ ರಕ್ಷಣೆಯ ದೃಷ್ಟಿಯಿಂದಲೂ ಈ ತುದಿಗೆ ಮಹತ್ವವಿದೆ. ಆಮೆಗಳಿಗಾಗಿ ಲಿಟಲ್ ನಿಕೋಬಾರ್‌ನಲ್ಲಿ, ಮೆಗಾಪೋಡ್‌ಗಾಗಿ ಮೆಂಚಲ್ ದ್ವೀಪದಲ್ಲಿ, ಹವಳಕ್ಕಾಗಿ ಮೆರೋ ದ್ವೀಪದಲ್ಲಿ 2022ರಲ್ಲಿ ಹೊಸ ಅಭಯಧಾಮಗಳ ಕ್ರಮ ಕೈಗೊಂಡಿರುವುದನ್ನೂ ಸರಕಾರ ಮುಂದಿಟ್ಟಿದೆ. ಇವು ತಳ್ಳಿಹಾಕುವಂತಹ ಮಾತುಗಳಲ್ಲ.

ಆದರೆ ಒಂದು ತೀರದ ಬದಲಿಗೆ ಮತ್ತೊಂದನ್ನು ಕೊಡಬಹುದೆಂಬ ಲೆಕ್ಕಾಚಾರವನ್ನು ಇಲ್ಲಿ ಪ್ರಶ್ನಿಸಬೇಕಾಗಿದೆ. ಲಿಟಲ್ ನಿಕೋಬಾರ್‌ನಲ್ಲಿ ಆಮೆಗಳು ಮೊದಲಿನಿಂದಲೂ ಮೊಟ್ಟೆಯಿಡುತ್ತಿದ್ದವು. ಅಲ್ಲಿ ರಕ್ಷಣೆ ನೀಡುವುದು ಸ್ವಾಗತಾರ್ಹವಾದರೂ ಅದರಿಂದ ಗಲಾಥಿಯಾಕ್ಕೆ ಬದಲಿ ತೀರ ಸೃಷ್ಟಿಯಾಗುವುದಿಲ್ಲ. ಕಡಿಯುವ ಮಳೆಕಾಡಿಗೆ ಪರಿಹಾರವಾಗಿ ಮರ ನೆಡುವ ಸ್ಥಳವನ್ನು ಹರಿಯಾಣದಲ್ಲಿ ಗುರುತಿಸಲಾಯಿತು. ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ದ್ವೀಪವೆಲ್ಲಿ, ಅರೆಶುಷ್ಕ ಬಯಲೆಲ್ಲಿ! ಅಲ್ಲಿ ಬೆಳೆಯುವ ಗಿಡಗಳು ಹರಿಯಾಣಕ್ಕೆ ಒಳ್ಳೆಯದನ್ನೇ ಮಾಡಲಿ. ಆದರೆ ಅವುಗಳ ಎಲೆ ಮೆಗಾಪೋಡಿನ ದಿಬ್ಬಕ್ಕೆ ಬೀಳುವುದಿಲ್ಲ. ಅವುಗಳ ನೆರಳು ಆಮೆಮರಿಗೆ ದಿಕ್ಕು ತೋರುವುದಿಲ್ಲ. ಸಹಜ ಕಾಡು ಹೋದ ಜಾಗದಲ್ಲಿ ಅಕೇಶಿಯಾ ಎದ್ದು ನಿಂತ ಮಲೆನಾಡಿನ ಗುಡ್ಡಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮರಗಳ ಸಂಖ್ಯೆ ಸರಿಹೊಂದಿದರೂ ಝರಿ ಬತ್ತಿದ್ದನ್ನು, ಕಾಡುಹಣ್ಣು ಇಲ್ಲವಾದದ್ದನ್ನು ಹಳ್ಳಿಯ ಹೆಂಗಸರು ವರದಿಗಳಿಗಿಂತ ಮುಂಚೆ ಬಲ್ಲರು.

ಜನರ ವಿಷಯವೂ ಇದರಿಂದ ಬೇರೆಯಲ್ಲ. ಸುನಾಮಿಯ ಬಳಿಕ ವಸತಿಗಳಲ್ಲಿ ಉಳಿದ ನಿಕೋಬಾರಿಗಳು ತಮ್ಮ ಪೂರ್ವಜರ ಊರುಗಳಿಗೆ ಮರಳಲು ಬಯಸುತ್ತ ಬಂದಿದ್ದಾರೆ. ಯೋಜನೆಗೆ ಮೊದಲು ನೀಡಿದ್ದ ನಿರಾಕ್ಷೇಪಣಾ ಪತ್ರವನ್ನು ಅವರ ಬುಡಕಟ್ಟು ಮಂಡಳಿ 2022ರ ನವೆಂಬರ್‌ನಲ್ಲಿ ಹಿಂಪಡೆಯಿತು. ಆ ಭೂಮಿಯಲ್ಲಿ ತಮ್ಮ ಹಳೆಯ ಊರುಗಳೂ ಸೇರಿವೆಯೆಂಬುದನ್ನು ತಮಗೆ ಸರಿಯಾಗಿ ತಿಳಿಸಿರಲಿಲ್ಲವೆಂಬುದು ಅವರ ದೂರು. ಶೋಂಪೆನ್ನರ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಹೊರಗಿನವರೊಡನೆ ಬಹಳ ಕಡಮೆ ಸಂಪರ್ಕವಿರುವ ಇಂತಹ ಜನಾಂಗಕ್ಕೆ ಸಾಮಾನ್ಯ ನೆಗಡಿಯೂ ಪ್ರಾಣಾಂತಕವಾಗಬಹುದು. ಕೆಲವು ಸಾವಿರ ಜನರಿರುವ ದ್ವೀಪಕ್ಕೆ ಲಕ್ಷಗಟ್ಟಲೆ ಜನ ಬಂದಾಗ ಇನ್ನೂರ ಚಿಲ್ಲರೆ ಮಂದಿಯ ಬದುಕು ಏನಾಗಬಹುದೆಂಬ ಪ್ರಶ್ನೆಯನ್ನು ಮಾನವಶಾಸ್ತ್ರಜ್ಞರು ಎತ್ತಿದ್ದಾರೆ. ಯಾವ ಕಾಗದಕ್ಕೂ ರುಜು ಹಾಕದ ಜನರ ಒಪ್ಪಿಗೆಯನ್ನು ಪಡೆಯುವ ಬಗೆ ಹೇಗೆಂಬುದು ಆ ಪ್ರಶ್ನೆಯೊಳಗಿನ ಪ್ರಶ್ನೆ.

ಇನ್ನು ವಿದ್ಯಾರ್ಥಿಗಳಿಗಾಗಿ ಕೆಲವು ಮಾತು. ಯಾವುದೇ ದ್ವೀಪಕ್ಕೆ, ಯಾವುದೇ ಕಡಲತೀರಕ್ಕೆ ಚಳಿಗಾಲದಲ್ಲಿ ಹೋಗುವ ಅವಕಾಶ ದೊರೆತವರು ಕೆಲವು ನಿಯಮಗಳನ್ನು ಪಾಲಿಸಬೇಕು. ರಾತ್ರಿ ಮರಳದಂಡೆಯ ಮೇಲೆ ಟಾರ್ಚ್ ಹಾಗೂ ಕ್ಯಾಮೆರಾದ ಬೆಳಕು ಬೇಡ. ಆಮೆ ಮೇಲೇರುವುದನ್ನು ಕಂಡರೆ ಅದು ಮೊಟ್ಟೆಯಿಡಲು ಆರಂಭಿಸುವವರೆಗೆ ಅಲುಗಾಡದೆ ಕೂತಿರಬೇಕು. ಅದರ ಮುಂದೆ ಹೋಗಲೇಬಾರದು. ಗೊರವಗಳ ಹಿಂಡನ್ನು ಎಬ್ಬಿಸಿ ಹಾರಿಸಬಾರದು. ಸಾವಿರಾರು ಕಿಲೋಮೀಟರ್ ಹಾರಲು ಕೂಡಿಟ್ಟ ಕೊಬ್ಬು ಪ್ರತಿ ಹಾರಾಟದಲ್ಲೂ ವ್ಯಯವಾಗುತ್ತದೆ. ಚಿಪ್ಪನ್ನಾಗಲಿ ಹವಳದ ತುಂಡನ್ನಾಗಲಿ ನೆನಪಿಗೆಂದು ತರಬಾರದು. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ. ಆದಿವಾಸಿಗಳ ನೆಲದಲ್ಲಿ ಕುತೂಹಲಕ್ಕಿಂತ ಅವರ ಏಕಾಂತಕ್ಕೆ ಬೆಲೆ ಹೆಚ್ಚು.

ಗ್ರೇಟ್ ನಿಕೋಬಾರ್‌ಗೆ ಹೋಗಲಾಗದವರು ಮಾಡಬಹುದಾದ ಕೆಲಸವೂ ಇದೆ. ಪರಿಸರ ಅನುಮತಿಯ ದಾಖಲೆಗಳಲ್ಲಿ ಸ್ಥಳವೊಂದರ ಬೆಲೆ ಮರಗಳ ಸಂಖ್ಯೆಯಾಗಿ, ಹೆಕ್ಟೇರಾಗಿ, ಕೋಟಿ ರೂಪಾಯಿಗಳಾಗಿ ದಾಖಲಾಗುತ್ತದೆ. ಅಲ್ಲಿ ಯಾವ ತಿಂಗಳಲ್ಲಿ ಯಾರು ಬರುತ್ತಾರೆ, ಯಾವ ಎಲೆ ಯಾವ ಗೂಡಿಗೆ ಬೇಕು, ಯಾವ ಹೊಳೆ ಯಾವ ಮರಳನ್ನು ಹೊರುತ್ತದೆ ಎಂಬುದು ಸ್ಥಳೀಯರು ಬರೆದಿಟ್ಟರೆ ಮಾತ್ರ ದಾಖಲೆಗೆ ಸೇರುತ್ತದೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ, ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕೆಂದೂ ಹೇಳುತ್ತದೆ. ಬಹಳ ಕಡೆ ಅದು ಬೀರುವಿನಲ್ಲಿ ಮಲಗಿರುವ ಪುಸ್ತಕ. ಈ ಚಳಿಗಾಲದಲ್ಲಿ ವಿದ್ಯಾರ್ಥಿಗಳು ಪಂಚಾಯತಿ ಕಚೇರಿಗೆ ಹೋಗಿ ಆ ಪುಸ್ತಕವನ್ನು ಕೇಳಿ ಪಡೆದು, ಊರಿನ ಹಿರಿಯರನ್ನು ಕೂಡಿಸಿಕೊಂಡು ಒಂದೊಂದೇ ಹಾಳೆಯನ್ನು ಓದಿ ನೋಡಲಿ. ಬಿಟ್ಟುಹೋದ ಹಕ್ಕಿ, ಮೀನು, ಝರಿ, ಕಾಲುದಾರಿಗಳನ್ನು ತಿಂಗಳ ಸಹಿತ ಸೇರಿಸಲಿ.

ಗಲಾಥಿಯಾದ ಆಮೆಗೆ ಇಂದು ರಕ್ಷಣೆಗಾಗಿ ಮಾತನಾಡುವವರ ಕೈಯಲ್ಲಿ ಒಂದಿಷ್ಟು ಆಧಾರವಿದ್ದರೆ, ಅದಕ್ಕೆ ಕಾರಣ ಯಾರೋ ಕೆಲವರು ಮಳೆಯಲ್ಲಿ, ಕತ್ತಲಲ್ಲಿ, ಹಲವು ಚಳಿಗಾಲ ಆ ಮರಳಿನ ಮೇಲೆ ನಡೆದು ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದು.